ಲ್ಯಾಪ್‌ಟಾಪಿಗೊಂದು ನಾಮಕರಣ

ಮೊನ್ನೆ ಆಫೀಸಿನಲ್ಲಿ ಅಮ್ಮನ ಸ್ಕ್ಯಾನಿಂಗ್ ರಿಪೋರ್ಟನ್ನು ಮೊಬೈಲಿನಿಂದ ಬ್ಲೂಟೂತ್‌ನಲ್ಲಿ ನನ್ನ ಲ್ಯಾಪ್‌ಟಾಪಿಗೆ ಕಳಿಸಿದೆ. ಹೋಗಿದ್ದು ಇನ್ಯಾರದೋ ಲ್ಯಾಪ್‌ಟಾಪಿಗೆ! ಅವರೂ ನೋಡದೆ ಅಕ್ಸೆಪ್ಟ್ ಒತ್ತಿಬಿಟ್ಟಿದ್ದರು. ಎಲ್ಲದಕ್ಕೂ ತಯಾರಕರು ಇಟ್ಟ ಒಂದೇ ಹೆಸರು. ಬದಲಾಯಿಸದೆ ಬಿಟ್ಟಿದ್ದು ನನ್ನದೇ ತಪ್ಪು.

ಹಾಗೆ ನೋಡಿದರೆ ಬ್ಲೂಟೂತ್ ಅನ್ನೋದೂ ಬದಲಾಗದೆ ಉಳಿದ ಹೆಸರೇ. ಹತ್ತನೇ ಶತಮಾನದ ಡೆನ್ಮಾರ್ಕಿನ ರಾಜ ಹೆರಾಲ್ಡನ ಅಡ್ಡಹೆಸರದು. ಇಂಟೆಲ್‌ನ ಜಿಮ್ ಕಾರ್ಡಾಕ್ ತಾತ್ಕಾಲಿಕ ಅಂತ ಸೂಚಿಸಿದ್ದು, 1998ರಲ್ಲಿ ಕಂಪನಿಗಳ ಒಕ್ಕೂಟ ಹುಟ್ಟಿದಾಗ ಅದೇ ಖಾಯಮ್ಮಾಯಿತು.

ಬ್ಲೂಟೂತ್‌ನಲ್ಲಿ ಸಾಧನದ ಹೆಸರಿಗೆ 248 ಬೈಟ್ ಜಾಗವಿದೆ, ಅದೂ ಯುಟಿಎಫ್-8ರಲ್ಲಿ. ಕನ್ನಡ ಯುನಿಕೋಡ್ ಸೇರಿದ್ದು 1991ರಲ್ಲೇ. ಅಂದರೆ ನಮಗೂ ಜಾಗ ಇತ್ತು, ನಾವು ಬರೆದಿರಲಿಲ್ಲ ಅಷ್ಟೇ...

ಅವತ್ತು ರಾತ್ರಿಯೇ ಸೆಟ್ಟಿಂಗ್ಸ್‌ಗೆ ಹೋಗಿ 'ಗುಬ್ಬಿ' ಅಂತ ಹೆಸರಿಟ್ಟೆ. ಹದಿನೆಂಟೇ ಬೈಟ್! ನಿಮ್ಮದಕ್ಕೆ ಏನು ಹೆಸರು?