ನಿಲ್ಲದ ನೋವು, ಮಂಚಕ್ಕೆ ಕಟ್ಟಿದ ವಿಮೆ: ಫ್ಲೋರೈಡ್ ಸೀಮೆಯಿಂದ ಒಂದು ವಿವೇಚನೆ

ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಭಾಗದ ಗಟ್ಟಿಕಲ್ಲಿನ ನೆಲದಲ್ಲಿ ಅನೇಕ ಕೊಳವೆಬಾವಿಗಳ ನೀರಿಗೆ ಫ್ಲೋರೈಡ್ ಸೇರಿಕೊಂಡಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಸಿಗದಿದ್ದರೆ 1.5 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ಬಹಳ ಹೆಚ್ಚಿರುವ ನೀರನ್ನು ವರ್ಷಾನುಗಟ್ಟಲೆ ಕುಡಿದವರ ಕೀಲು, ಬೆನ್ನುಮೂಳೆಗಳು ಬಿಗಿಯುತ್ತವೆ. ಭಾರತದಲ್ಲಿ ಫ್ಲೋರೋಸಿಸ್ ಎಂಬ ಈ ಕಾಯಿಲೆ ಮೊದಲು ವರದಿಯಾದದ್ದು 1937ರಲ್ಲಿ, ನೆಲ್ಲೂರಿನಿಂದ. ಆಗ ನೆಲ್ಲೂರಿನಂತೆ ಈ ಭಾಗವೂ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮೂಳೆಗೆ ಕೂತ ಫ್ಲೋರೋಸಿಸ್ಸನ್ನು ಗುಣಪಡಿಸುವ ಔಷಧಿ ಇಂದಿಗೂ ಇಲ್ಲ. ನೀರು ಬದಲಿಸಬೇಕು, ನೋವು ತಗ್ಗಿಸಿಕೊಳ್ಳುತ್ತ ಬದುಕಬೇಕು. ಇಂಥವರು ಖಾಸಗಿ ಆರೋಗ್ಯ ವಿಮೆಗೆ ಹೋದಾಗ ಪಾಲಿಸಿ ಸಿಗುವುದೇ ಕಷ್ಟವೆಂಬುದು ಸಾಮಾನ್ಯ ದೂರು. ನನ್ನ ವಾದ ಬೇರೆ: ಸಿಕ್ಕ ಪಾಲಿಸಿಯೂ ನೋವಿಗೆ ಒದಗುವುದಿಲ್ಲ, ಏಕೆಂದರೆ ಅದು ಕಾಯಿಲೆಯನ್ನು ಆಸ್ಪತ್ರೆಯ ಮಂಚದಿಂದ ಅಳೆಯುತ್ತದೆ.

ನಿಯಮಗಳು ಸುಧಾರಿಸಿರುವುದು ನಿಜ. ಶಾಶ್ವತವಾಗಿ ಹೊರಗಿಡಬಹುದಾದ ಕಾಯಿಲೆಗಳನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಪಟ್ಟಿ ಮಾಡಿತು. ಅದರಲ್ಲಿ ಫ್ಲೋರೋಸಿಸ್ ಇಲ್ಲ, ಸಂಧಿವಾತವೂ ಇಲ್ಲ. ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಗರಿಷ್ಠ ಅವಧಿ 2024ರಲ್ಲಿ 48 ತಿಂಗಳಿಂದ 36ಕ್ಕೆ ಇಳಿಯಿತು. ಕಾಯಿಲೆ ಮುಚ್ಚಿಡುವುದು ಕ್ಲೇಮಿಗೇ ಕುತ್ತೆಂದು ಸುಪ್ರೀಂ ಕೋರ್ಟಿನ 2009ರ ಸತ್ವಂತ್ ಕೌರ್ ಸಂಧು ತೀರ್ಪು ತೋರಿಸಿದರೆ, ತಿಳಿಸಿದ ಮೇಲೆ ಒಪ್ಪಿಕೊಂಡ ಕಂಪನಿ ಅದೇ ಕಾಯಿಲೆಯ ನೆಪದಲ್ಲಿ ಹಿಂಜರಿಯುವಂತಿಲ್ಲವೆಂದು 2021ರ ಮನಮೋಹನ್ ನಂದಾ ತೀರ್ಪು ಹೇಳಿತು. ಹಾಗಾಗಿ ನೋವನ್ನು ಅರ್ಜಿಯಲ್ಲಿ ಬರೆಯುವುದೇ ರೋಗಿಗೆ ರಕ್ಷಣೆ. ಆದರೆ ಮೂರು ವರ್ಷ ಕಂತು ಕಟ್ಟಿ ಕಾದವರಿಗೆ ದಕ್ಕುವುದೇನು? 2020ರಲ್ಲಿ ಬಂದ ಪ್ರಮಾಣಿತ ಪಾಲಿಸಿ ‘ಆರೋಗ್ಯ ಸಂಜೀವಿನಿ’ ಕನಿಷ್ಠ 24 ಗಂಟೆ ದಾಖಲಾಗಿರಬೇಕೆನ್ನುತ್ತದೆ. ಬರೀ ತಪಾಸಣೆಗೆಂದು ದಾಖಲಾದರೆ ಹಣವಿಲ್ಲ. ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ ಹೋಬಳಿಯ ಕೂಲಿಯವರು ಮೊಣಕಾಲು ನೋವಿಗೆ ಖರ್ಚು ಮಾಡುವುದು ಮಾತ್ರೆಗೆ, ಫಿಸಿಯೋಥೆರಪಿಗೆ, ದಾವಣಗೆರೆಯ ಬಸ್ಸಿಗೆ, ಕಳೆದುಕೊಂಡ ದಿನಗೂಲಿಗೆ. ಇವುಗಳಲ್ಲಿ ಯಾವುದಕ್ಕೂ ಮಂಚ ಬೇಕಿಲ್ಲ. ಮಂಡಿಕೀಲು ಬದಲಿಸುವ ಹಂತಕ್ಕೆ ಬಂದಾಗಷ್ಟೇ ವಿಮೆ ಕಣ್ತೆರೆಯುತ್ತದೆ.

ಹೊರರೋಗಿ ವೆಚ್ಚವನ್ನೂ ವಿಮೆ ಭರಿಸಲಿ ಎಂದಾಗ, ಖಚಿತವಾಗಿ ಬರುವ ಖರ್ಚು ವಿಮೆಯ ವಿಷಯವೇ ಅಲ್ಲ, ನೋವಿದ್ದವರೇ ಸೇರಿದರೆ ಕಂತು ಏರಿ ಉಳಿದವರು ಬಿಟ್ಟುಹೋಗುತ್ತಾರೆ ಎಂಬ ಆಕ್ಷೇಪ ಹಗುರವಾದುದಲ್ಲ. ಒಬ್ಬೊಬ್ಬರಾಗಿ ಕೊಳ್ಳುವ ಪಾಲಿಸಿಯ ಮಟ್ಟಿಗೆ ಅದು ಸರಿ. ಆದರೆ 2003ರಲ್ಲಿ ಆರಂಭವಾದ ಯಶಸ್ವಿನಿ ಆರೋಗ್ಯ ಯೋಜನೆ ರೈತರನ್ನು ಸಹಕಾರ ಸಂಘದ ಸದಸ್ಯರೆಂಬ ನೆಲೆಯಲ್ಲಿ ಒಟ್ಟಾಗಿ ಸೇರಿಸಿಕೊಂಡಿತು. ಗುಂಪು ದೊಡ್ಡದಾದಾಗ ನೋವಿಲ್ಲದವರ ಕಂತು ನೋವಿದ್ದವರಿಗೆ ಆಗುತ್ತದೆ. ಯಶಸ್ವಿನಿ ಶಸ್ತ್ರಚಿಕಿತ್ಸೆಯನ್ನೇ ನೆಚ್ಚಿಕೊಂಡದ್ದು ಅದರ ಮಿತಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಕೊಡುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕವೂ ಮುಖ್ಯವಾಗಿ ಆಸ್ಪತ್ರೆಯ ಪ್ಯಾಕೇಜುಗಳನ್ನೇ ಆಧರಿಸಿದೆ. ಹಾಗಾಗಿ ಸರ್ಕಾರಿ ಯೋಜನೆ ಇರುವಾಗ ಖಾಸಗಿಯ ಚಿಂತೆ ಏಕೆಂಬ ಮಾತು ನಿಲ್ಲುವುದಿಲ್ಲ. ನೋವನ್ನು ಅಳೆಯಲಾಗದು, ಸುಳ್ಳು ಕ್ಲೇಮು ಹೆಚ್ಚುತ್ತದೆ ಎಂಬುದು ಇನ್ನೊಂದು ಅಂಜಿಕೆ. ಆದರೆ ಮೂರು ತಿಂಗಳು ಮೀರಿದ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ 11ನೇ ಆವೃತ್ತಿ, 2022ರಿಂದ ಜಾರಿಗೆ ಬಂದದ್ದು, ತನ್ನದೇ ಸಂಕೇತ ಕೊಟ್ಟಿದೆ. ಫ್ಲೋರೋಸಿಸ್ಸಿನಲ್ಲಂತೂ ಮೂತ್ರದ ಫ್ಲೋರೈಡ್ ಪರೀಕ್ಷೆ, ಮುಂಗೈಯ ಎಕ್ಸ್‌ರೇ ಸಾಕ್ಷಿ ನುಡಿಯುತ್ತವೆ. 2008–09ರಲ್ಲಿ ಶುರುವಾದ ರಾಷ್ಟ್ರೀಯ ಫ್ಲೋರೋಸಿಸ್ ನಿಯಂತ್ರಣ ಕಾರ್ಯಕ್ರಮ ಇಂಥ ಪತ್ತೆಗೇ ಇದೆ. ಆ ದೃಢೀಕರಣವನ್ನು ಒಪ್ಪಿ, ಹಾಲಿನ ಡೇರಿ, ಕೃಷಿ ಪತ್ತಿನ ಸಂಘಗಳ ಗುಂಪು ಪಾಲಿಸಿಯಲ್ಲಿ ಹೊರರೋಗಿ ವೆಚ್ಚಕ್ಕೆ ವರ್ಷಕ್ಕಿಷ್ಟೆಂದು ಮಿತಿ ಕಟ್ಟಿ ಕೊಡುವುದಕ್ಕೆ ಕಂಪನಿಗಳಿಗೆ ಇಂದಿನ ನಿಯಮದಲ್ಲಿ ಅಡ್ಡಿಯೇನೂ ಇಲ್ಲ.