ದೊಡ್ಡರೋಗ ಮತ್ತು ವಾಲ್ಟರ್ ಪ್ಲೌರೈಟ್



‘ದೊಡ್ಡರೋಗ’ ಎಂದರೆ ಯಾವುದು ಅಂತ ನಮ್ಮ ಅಜ್ಜಂದಿರ ಕಾಲದ ರೈತರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಾಲುಬಾಯಿ ಜ್ವರ ಬಂದರೆ ದನ ಸೊರಗುತ್ತಿತ್ತು, ಬಹುಮಟ್ಟಿಗೆ ಉಳಿದುಕೊಳ್ಳುತ್ತಿತ್ತು. ದೊಡ್ಡರೋಗ ಬಂದರೆ ಕೊಟ್ಟಿಗೆಯೇ ಖಾಲಿ. ಮೊದಲು ಸುಡುವ ಜ್ವರ, ಆಮೇಲೆ ಕಣ್ಣು ಮೂಗಿನಲ್ಲಿ ಸೋರಿಕೆ, ಬಾಯೊಳಗೆ ಹುಣ್ಣು, ಮೇವು ಮುಟ್ಟದ ಸ್ಥಿತಿ, ಕೊನೆಗೆ ನಿಲ್ಲದ ಭೇದಿ. ಹತ್ತು ಹನ್ನೆರಡು ದಿನದೊಳಗೆ ಮೈಯ ನೀರೆಲ್ಲ ಬತ್ತಿ ದನ ಸಾಯುತ್ತಿತ್ತು. ಜನ ಮಾರಮ್ಮನಿಗೆ ಹರಕೆ ಹೊರುತ್ತಿದ್ದರು, ಮಾರಿಯನ್ನು ಊರ ಗಡಿ ದಾಟಿಸುತ್ತಿದ್ದರು. ಗಡಿಯಾಚೆಯ ಊರಿನವರು ಮತ್ತೆ ಅದನ್ನೇ ಮಾಡುತ್ತಿದ್ದರು.

ಇಂಗ್ಲಿಷಿನವರು ಜರ್ಮನ್ ಭಾಷೆಯಿಂದ ಪಡೆದು ‘ರಿಂಡರ್‌ಪೆಸ್ಟ್’ ಅನ್ನುವ ಈ ರೋಗ ಈಗ ಭೂಮಿಯ ಮೇಲೆ ಎಲ್ಲಿಯೂ ಇಲ್ಲ. ಮನುಷ್ಯ ಪ್ರಯತ್ನಪಟ್ಟು ಪೂರ್ತಿ ತೊಲಗಿಸಿದ ರೋಗಗಳು ಇದುವರೆಗೆ ಎರಡೇ: ಸಿಡುಬು ಮತ್ತು ದೊಡ್ಡರೋಗ. ಸಿಡುಬಿನ ಕಥೆಯಲ್ಲಿ ಎಡ್ವರ್ಡ್ ಜೆನ್ನರ್ ಹೆಸರನ್ನು ಶಾಲೆಯ ಮಕ್ಕಳೂ ಹೇಳುತ್ತಾರೆ. ಎರಡನೆಯದರಲ್ಲಿ ಬರುವ ವಾಲ್ಟರ್ ಪ್ಲೌರೈಟ್ ಹೆಸರನ್ನು ಪಶುವೈದ್ಯರಲ್ಲದೆ ಬೇರೆ ಯಾರೂ ಹೇಳುವುದನ್ನು ನಾನು ಕೇಳಿಲ್ಲ. ನಾವು ಬಂದು ನೆಲೆಸಿರುವ ಈ ಇಂಗ್ಲೆಂಡಿನವರೇ ಆದ ಆತನ ಬಗ್ಗೆ ಇಲ್ಲಿಯ ಪತ್ರಿಕೆಗಳಲ್ಲೂ ಹೆಚ್ಚು ಬಂದದ್ದು ಆತ ತೀರಿಕೊಂಡ ಮೇಲೆಯೇ.

ಆತನ ವಿಚಾರಕ್ಕೆ ಬರುವ ಮೊದಲು ರೋಗದ ಪ್ರಯಾಣವನ್ನು ಸ್ವಲ್ಪ ನೋಡಬೇಕು. ಯೂರೋಪಿನಲ್ಲಿ ಈ ರೋಗದ ಹಾವಳಿ ಎಷ್ಟಿತ್ತೆಂದರೆ ಆಧುನಿಕ ಪಶುವೈದ್ಯ ಶಿಕ್ಷಣ ಹುಟ್ಟಿದ್ದಕ್ಕೆ ಅದೂ ಒಂದು ಮುಖ್ಯ ಕಾರಣ. ಮೊದಲ ಪಶುವೈದ್ಯ ಶಾಲೆ 1761ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಸ್ಥಾಪನೆಯಾಯಿತು. ಬ್ರಿಟನ್ನಿಗೆ 1865ರಲ್ಲಿ ಬಾಲ್ಟಿಕ್ ತೀರದಿಂದ ಹಲ್ ಬಂದರಿಗೆ ಬಂದ ದನಗಳ ಜೊತೆ ರೋಗ ಇಳಿಯಿತು. ಎರಡು ವರ್ಷದೊಳಗೆ ನಾಲ್ಕು ಲಕ್ಷಕ್ಕೂ ಹೆಚ್ಚು ದನಗಳು ಸತ್ತವು ಅಥವಾ ಕೊಲ್ಲಲ್ಪಟ್ಟವು. ಸಂತೆ ನಿಲ್ಲಿಸಿ, ಸಾಗಾಟ ನಿಲ್ಲಿಸಿ, ಸೋಂಕಿದ್ದನ್ನು ಕೊಂದು ಹೂತು ಬ್ರಿಟನ್ ಪಾರಾಯಿತು. ಸರ್ಕಾರಕ್ಕೊಂದು ಪಶುವೈದ್ಯ ಇಲಾಖೆ ಬೇಕು ಎಂದು ಲಂಡನ್ನಿಗೆ ತಿಳಿದದ್ದು ಆಗಲೇ.

ಆಫ್ರಿಕಕ್ಕೆ ಆ ಅದೃಷ್ಟ ಇರಲಿಲ್ಲ. 1887ರಲ್ಲಿ ಇಟಲಿಯ ಸೈನ್ಯ ಕೆಂಪು ಸಮುದ್ರದ ಮಸಾವ ಬಂದರಿನಲ್ಲಿ ಇಳಿಸಿದ ದನಗಳಿಂದ ರೋಗ ಒಳನಾಡಿಗೆ ಹೋಯಿತು ಎನ್ನುತ್ತಾರೆ. ಆ ದನಗಳು ಭಾರತದಿಂದ ಹೋದವು ಎಂಬುದು ಬಹಳ ಇತಿಹಾಸಕಾರರ ಅಭಿಪ್ರಾಯ. ಹತ್ತೇ ವರ್ಷದಲ್ಲಿ ರೋಗ ಕೇಪ್ ಪ್ರಾಂತ್ಯ ಮುಟ್ಟಿತು. ದಾರಿಯುದ್ದಕ್ಕೂ ನೂರಕ್ಕೆ ಎಂಬತ್ತು ತೊಂಬತ್ತು ದನಗಳು ಸತ್ತವು. ಉಳುವ ಎತ್ತಿಲ್ಲದ ಇಥಿಯೋಪಿಯದಲ್ಲಿ ಭೀಕರ ಕ್ಷಾಮ ಬಿತ್ತು, ಜನಸಂಖ್ಯೆಯ ಮೂರನೆಯ ಒಂದು ಭಾಗ ಅಳಿಯಿತು ಎಂಬ ಅಂದಾಜಿದೆ. ದನವೇ ಬದುಕಾಗಿದ್ದ ಮಾಸಾಯಿ ಜನ ಬರಿಗೈಯಾದರು. ವಸಾಹತು ದೊರೆಗಳು ಪೂರ್ವ ಆಫ್ರಿಕಕ್ಕೆ ಬಂದಾಗ ಕಂಡದ್ದು ಹೀಗೆ ಬರಿದಾದ ಹುಲ್ಲುಗಾವಲನ್ನು. ಅದನ್ನು ಯಾರದ್ದೂ ಅಲ್ಲದ ನೆಲ ಎಂದುಕೊಳ್ಳುವುದು ಅವರಿಗೆ ಅನುಕೂಲವೂ ಆಯಿತು.

ಇತ್ತ ಭಾರತದಲ್ಲಿ 1889ರಲ್ಲಿ ಪುಣೆಯಲ್ಲಿ ಇಂಪೀರಿಯಲ್ ಬ್ಯಾಕ್ಟೀರಿಯಾಲಜಿಕಲ್ ಲ್ಯಾಬೊರೇಟರಿ ಶುರುವಾಯಿತು. ಇಂಥ ಅಂಟುರೋಗವನ್ನು ಊರ ನಡುವೆ ಇಟ್ಟುಕೊಂಡು ಪ್ರಯೋಗ ಮಾಡುವುದು ಅಪಾಯವೆಂದು 1893ರಲ್ಲಿ ಕುಮಾವೂ ಬೆಟ್ಟಗಳ ಮುಕ್ತೇಶ್ವರಕ್ಕೆ, ಏಳು ಸಾವಿರ ಅಡಿಗೂ ಎತ್ತರದ ಜಾಗಕ್ಕೆ, ಅದನ್ನು ಸಾಗಿಸಿದರು. ಮುಂದೆ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯಾದದ್ದು ಇದೇ. 1920ರ ದಶಕದಲ್ಲಿ ಅಲ್ಲಿ ಜೆ.ಟಿ. ಎಡ್ವರ್ಡ್ಸ್ ಎಂಬಾತ ರೋಗದ ವೈರಸ್ಸನ್ನು ಮೇಕೆಯಿಂದ ಮೇಕೆಗೆ ನೂರಾರು ಸಲ ದಾಟಿಸಿದ. ಹಾಗೆ ದಾಟಿಸುತ್ತ ಹೋದಂತೆ ಅದು ದನದ ಮೇಲಿನ ಕ್ರೌರ್ಯ ಕಳೆದುಕೊಂಡಿತು, ಆದರೆ ರಕ್ಷಣೆ ಕೊಡುವ ಗುಣ ಉಳಿಸಿಕೊಂಡಿತು. ಇದೇ ಮೇಕೆ ಲಸಿಕೆ. ಕೀನ್ಯದ ಕಬೇಟೆಯಲ್ಲೂ ಇದೇ ಹಾದಿಯಲ್ಲಿ ಒಂದು ಲಸಿಕೆ ತಯಾರಾಯಿತು. ನಮ್ಮ ಮೈಸೂರು ಸಂಸ್ಥಾನವೂ ಸುಮ್ಮನಿರಲಿಲ್ಲ. ಬೆಂಗಳೂರಿನ ಸೀರಮ್ ಇನ್‌ಸ್ಟಿಟ್ಯೂಟ್ ಹುಟ್ಟಿದ್ದು ಆ ದಶಕದಲ್ಲೇ.

ಮೇಕೆ ಲಸಿಕೆಗೆ ಒಂದು ದೋಷವಿತ್ತು. ನಾಟಿ ದನಗಳು ಅದನ್ನು ತಡೆದುಕೊಳ್ಳುತ್ತಿದ್ದವು. ಸೂಕ್ಷ್ಮ ತಳಿಗಳಿಗೆ, ಸೀಮೆ ಹಸುಗಳಿಗೆ, ಮಿಶ್ರತಳಿಗಳಿಗೆ ಲಸಿಕೆಯೇ ರೋಗವಾಗಿಬಿಡುತ್ತಿತ್ತು. ಪ್ರತಿ ತಂಡದ ಲಸಿಕೆಯಲ್ಲೂ ಎಷ್ಟು ವೈರಸ್ ಇದೆ, ಮೇಕೆಯಿಂದ ಬೇರೆ ಯಾವ ಸೋಂಕು ಜೊತೆಗೆ ಬಂದಿದೆ ಎಂದು ಖಚಿತವಾಗಿ ಹೇಳುವುದೂ ಕಷ್ಟ.

ವಾಲ್ಟರ್ ಪ್ಲೌರೈಟ್ ಹುಟ್ಟಿದ್ದು 1923ರಲ್ಲಿ, ಲಿಂಕನ್‌ಶೈರಿನ ಹೋಲ್‌ಬೀಚ್ ಎಂಬ ಊರಿನಲ್ಲಿ. 1944ರಲ್ಲಿ ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನಲ್ಲಿ ಪದವಿ, ನಂತರ ಸೇನೆಯ ಪಶುವೈದ್ಯ ದಳ. 1950ರಲ್ಲಿ ವಸಾಹತು ಪಶುವೈದ್ಯ ಸೇವೆಗೆ ಸೇರಿ ಕೀನ್ಯದಲ್ಲೂ ನೈಜೀರಿಯದಲ್ಲೂ ದುಡಿದ. 1956ರಲ್ಲಿ ನೈರೋಬಿಯ ಹತ್ತಿರದ ಮುಗುಗದಲ್ಲಿ, ಪೂರ್ವ ಆಫ್ರಿಕದ ಪಶುವೈದ್ಯ ಸಂಶೋಧನಾ ಸಂಸ್ಥೆಯ ಪೆಥಾಲಜಿ ವಿಭಾಗದ ಮುಖ್ಯಸ್ಥನಾದ. ಕೀನ್ಯದಲ್ಲಿ ಮಾವ್ ಮಾವ್ ದಂಗೆಯ ತುರ್ತುಸ್ಥಿತಿ ಇನ್ನೂ ಮುಗಿದಿರಲಿಲ್ಲ. 1963ರಲ್ಲಿ ದೇಶ ಸ್ವತಂತ್ರವಾಯಿತು. ಬಾವುಟ ಬದಲಾದರೂ ಈತ 1971ರವರೆಗೆ ಅದೇ ಜಾಗದಲ್ಲಿ ಅದೇ ಕೆಲಸದಲ್ಲಿ ಇದ್ದ.

ಪೆಥಾಲಜಿಸ್ಟ್ ಎಂದರೆ ಸತ್ತ ಪ್ರಾಣಿಯನ್ನು ಓದುವವನು. ದೊಡ್ಡರೋಗದಲ್ಲಿ ಸತ್ತ ದನದ ದೊಡ್ಡಕರುಳನ್ನು ಸೀಳಿದರೆ ಒಳಪದರದ ಮಡಿಕೆಗಳ ಮೇಲೆ ರಕ್ತಗಟ್ಟಿದ ಪಟ್ಟೆಗಳು ಕಾಣುತ್ತವೆ. ಆ ವೃತ್ತಿಯವರು ಅವನ್ನು ಝೀಬ್ರಾ ಪಟ್ಟೆ ಎನ್ನುತ್ತಾರೆ. ಬಾಯಿಯ ಹುಣ್ಣು, ಕರುಳಿನ ಒಳಗಿನ ದುಗ್ಧಗ್ರಂಥಿಗಳ ಕೊಳೆತ, ಎಲ್ಲ ಸೇರಿ ಒಂದು ಚಿತ್ರ. ಅಲ್ಲಿಂದ ಹಿಂದೆ ಹಿಂದೆ ಹೋಗಿ ವೈರಸ್ ಎಲ್ಲಿ ಒಳಹೊಕ್ಕಿತು, ಯಾವ ಜೀವಕೋಶದಲ್ಲಿ ಬೆಳೆಯಿತು, ಎಷ್ಟು ದಿನ ಇತ್ತು ಎಂದು ಲೆಕ್ಕ ಹಾಕಬೇಕು. ಈ ಹಿಮ್ಮುಖ ಓದಿನ ಅಭ್ಯಾಸವೇ ಪ್ಲೌರೈಟನ ನಿಜವಾದ ಬಂಡವಾಳ ಅಂತ ನನಗನ್ನಿಸುತ್ತದೆ.

1949ರಲ್ಲಿ ಅಮೆರಿಕದ ಜಾನ್ ಎಂಡರ್ಸ್ ಮತ್ತು ಸಂಗಡಿಗರು ಪೋಲಿಯೋ ವೈರಸ್ಸನ್ನು ಗಾಜಿನ ಪಾತ್ರೆಯ ಜೀವಕೋಶಗಳಲ್ಲಿ ಬೆಳೆಸಿ ತೋರಿಸಿದ್ದರು. 1954ರಲ್ಲಿ ದಡಾರದ ವೈರಸ್ಸೂ ಹಾಗೆ ಬೆಳೆಯಿತು. ದಡಾರ ಮತ್ತು ದೊಡ್ಡರೋಗ ಅಣ್ಣತಮ್ಮಂದಿರು. ದನ ಸಾಕಲು ಹೊರಟ ಮನುಷ್ಯನಿಗೆ ದನದ ಕಡೆಯಿಂದಲೇ ದಡಾರ ಬಂದಿತು ಎಂದು ಈಗಿನ ತಜ್ಞರು ಹೇಳುತ್ತಾರೆ. ಪ್ಲೌರೈಟ್ ತನ್ನ ಸಹೋದ್ಯೋಗಿ ಆರ್.ಡಿ. ಫೆರಿಸ್ ಜೊತೆ ಕರುವಿನ ಮೂತ್ರಪಿಂಡದ ಕೋಶಗಳನ್ನು ಗಾಜಿನಲ್ಲಿ ಬೆಳೆಸಿ, ಅದರಲ್ಲಿ ಕಬೇಟೆಯ ಹಳೆಯ, ಬಲು ಕ್ರೂರವಾದ ವೈರಸ್ ತಳಿಯೊಂದನ್ನು ಬಿತ್ತಿದ. ಬೆಳೆದದ್ದನ್ನು ತೆಗೆದು ಹೊಸ ಕೋಶಗಳಿಗೆ, ಅಲ್ಲಿಂದ ಮತ್ತೆ ಹೊಸದಕ್ಕೆ. ಹೀಗೆ ಸುಮಾರು ತೊಂಬತ್ತು ಸಲ. ನಡುನಡುವೆ ದನಗಳಿಗೆ ಚುಚ್ಚಿ ನೋಡುವುದು, ಜ್ವರದ ಪಟ್ಟಿ ಬರೆಯುವುದು. ಕೊನೆಗೆ ಸಿಕ್ಕ ವೈರಸ್ ಯಾವ ತಳಿಯ ದನಕ್ಕೂ, ಗಬ್ಬದ ಹಸುವಿಗೂ ಕೆಡುಕು ಮಾಡುತ್ತಿರಲಿಲ್ಲ, ಒಂದರಿಂದ ಇನ್ನೊಂದಕ್ಕೆ ಹರಡುತ್ತಲೂ ಇರಲಿಲ್ಲ. ಒಮ್ಮೆ ಚುಚ್ಚಿದರೆ ರಕ್ಷಣೆ ಹೆಚ್ಚುಕಡಿಮೆ ಜೀವನಪೂರ್ತಿ. ತಯಾರಿಕೆ ಅಗ್ಗ, ಪರೀಕ್ಷೆ ಸುಲಭ. 1960ರ ದಶಕದ ಆರಂಭಕ್ಕೆ ಲಸಿಕೆ ಸಿದ್ಧವಾಗಿತ್ತು.

ಇಷ್ಟಕ್ಕೇ ನಿಂತಿದ್ದರೆ ಈತ ಒಳ್ಳೆಯ ಲಸಿಕೆ ಮಾಡಿದವನು ಮಾತ್ರ ಆಗುತ್ತಿದ್ದ. ಎಲ್ಲರನ್ನೂ ಕಾಡುತ್ತಿದ್ದ ಇನ್ನೊಂದು ಪ್ರಶ್ನೆಯಿತ್ತು. ದನಕ್ಕೆ ಲಸಿಕೆ ಹಾಕಬಹುದು, ಕಾಡಿಗೆ ಯಾರು ಹಾಕುತ್ತಾರೆ? ಸೆರೆಂಗೆಟಿಯ ವಿಲ್ಡಬೀಸ್ಟ್‌ಗಳಲ್ಲಿ ಸುಮಾರು ವರ್ಷ ತುಂಬಿದ ಮರಿಗಳು ಸಾಲುಸಾಲಾಗಿ ಸಾಯುತ್ತಿದ್ದವು. ಕಾಡಿನಲ್ಲೇ ರೋಗ ಮನೆ ಮಾಡಿಕೊಂಡಿದ್ದರೆ ಅದನ್ನು ತೊಲಗಿಸುವ ಮಾತು ಕನಸು. ಪ್ಲೌರೈಟ್ ಮತ್ತು ಸಂಗಡಿಗರು ವರ್ಷ ವರ್ಷ ವಿಲ್ಡಬೀಸ್ಟ್‌ಗಳ ರಕ್ತ ಪರೀಕ್ಷಿಸಿದರು. ಎಳೆಯ ಮರಿಗೆ ತಾಯಿಯಿಂದ ಬಂದ ರಕ್ಷಣೆ ಕೆಲವು ತಿಂಗಳಲ್ಲಿ ಕಳೆಯುತ್ತದೆ, ಆಮೇಲೆ ರೋಗ ಹಿಡಿಯುತ್ತದೆ. ಆದರೆ ಸುತ್ತಲಿನ ದನಗಳಿಗೆ ಲಸಿಕೆ ಬಿದ್ದ ಮೇಲೆ, 1963ರ ಹೊತ್ತಿಗೆ, ಹೊಸದಾಗಿ ಹುಟ್ಟಿದ ಮರಿಗಳ ರಕ್ತದಲ್ಲಿ ರೋಗದ ಗುರುತೇ ಸಿಗಲಿಲ್ಲ. ಅಂದರೆ ದನದಿಂದ ಕಾಡಿಗೆ ರೋಗ ಹೋಗುತ್ತಿತ್ತೇ ಹೊರತು ಕಾಡು ಅದನ್ನು ಸಾಕಿಕೊಂಡಿರಲಿಲ್ಲ. ಸುಮಾರು ಎರಡೂವರೆ ಲಕ್ಷವಿದ್ದ ಸೆರೆಂಗೆಟಿಯ ವಿಲ್ಡಬೀಸ್ಟ್‌ಗಳು 1977ರ ಹೊತ್ತಿಗೆ ಹದಿಮೂರು ಲಕ್ಷ ಆದವು. ಟೀವಿಯಲ್ಲಿ ಮಾರಾ ನದಿಗೆ ಧುಮುಕುವ ಆ ಸಾಗರವನ್ನು ನಾವು ಸೋಫಾದಲ್ಲಿ ಕೂತು ನೋಡುತ್ತೇವಲ್ಲ, ಅದು ಮೂಲತಃ ಹಸುಗಳಿಗೆ ಚುಚ್ಚಿದ ಸೂಜಿಯ ಫಲ.

ಅದೇ ವಿಲ್ಡಬೀಸ್ಟ್ ಬಗ್ಗೆ ಮಾಸಾಯಿ ದನಗಾಹಿಗಳಿಗೆ ಬೇರೊಂದು ತಕರಾರಿತ್ತು. ಅವು ಮರಿ ಹಾಕುವ ಕಾಲದಲ್ಲಿ ಆ ಹುಲ್ಲಿಗೆ ಹೋದ ದನ ಒಂದು ಥರದ ಜ್ವರದಿಂದ ಸಾಯುತ್ತದೆ ಎನ್ನುತ್ತಿದ್ದರು, ಆ ದಿನಗಳಲ್ಲಿ ದನಗಳನ್ನು ದೂರ ಹೊಡೆದುಕೊಂಡು ಹೋಗುತ್ತಿದ್ದರು. 1960ರಲ್ಲಿ ಪ್ಲೌರೈಟನ ತಂಡ ವಿಲ್ಡಬೀಸ್ಟಿನ ಮೈಯಿಂದಲೇ ಆ ವೈರಸ್ಸನ್ನು ಬೇರ್ಪಡಿಸಿ ಅವರ ಮಾತು ಸರಿ ಎಂದು ತೋರಿಸಿತು. ಅದಕ್ಕೂ ಲಸಿಕೆ ಮಾಡಲು ಬಹಳ ಹೆಣಗಿದರು, ಆಗಲಿಲ್ಲ. ದೊಡ್ಡರೋಗದಲ್ಲಿ ಒಲಿದ ವಿದ್ಯೆ ಇಲ್ಲಿ ಒಲಿಯಲಿಲ್ಲ. 1969ರಲ್ಲಿ ಆಫ್ರಿಕದ ಹಂದಿಜ್ವರದ ವೈರಸ್ ಕಾಡುಹಂದಿಯ ಬಿಲದಲ್ಲಿರುವ ಮೆತ್ತನೆ ಉಣ್ಣೆಗಳಲ್ಲಿ ಬದುಕುತ್ತದೆ ಎಂದು ತೋರಿಸಿದವರಲ್ಲೂ ಈತ ಇದ್ದ. ಆಗ ಆಫ್ರಿಕದ ತಲೆನೋವು ಎನ್ನಿಸಿದ್ದ ಆ ರೋಗ 2018ರಲ್ಲಿ ಚೀನಾಕ್ಕೂ 2020ರಲ್ಲಿ ನಮ್ಮ ಅಸ್ಸಾಮಿಗೂ ಬಂತು.

ಲಸಿಕೆ ಇದ್ದ ಮಾತ್ರಕ್ಕೆ ರೋಗ ಹೋಗಲಿಲ್ಲ ಎನ್ನುವುದು ಈ ಕಥೆಯ ಕಹಿ ಭಾಗ. 1962ರಿಂದ 1976ರವರೆಗೆ ಆಫ್ರಿಕದ ಇಪ್ಪತ್ತೆರಡು ದೇಶಗಳಲ್ಲಿ ದೊಡ್ಡ ಅಭಿಯಾನ ನಡೆಯಿತು. ರೋಗ ಒಂದೆರಡು ಮೂಲೆಗೆ ಸರಿಯಿತು. ಇನ್ನೇನು ಮುಗಿಯಿತು ಎಂದು ಎಲ್ಲರೂ ಕೈ ತೊಳೆದುಕೊಂಡರು, ಹಣ ನಿಂತಿತು. ಆ ಮೂಲೆಗಳಿಂದಲೇ 1980ರ ದಶಕದಲ್ಲಿ ಅದು ತಿರುಗಿ ಎದ್ದು ನೈಜೀರಿಯದವರೆಗೆ ದನಗಳನ್ನು ಕೊಂದಿತು. ಈ ಲಸಿಕೆಗೆ ತಂಪು ಬೇಕು. ಐಸ್ ಪೆಟ್ಟಿಗೆ ಹೋಗದ ಮರುಭೂಮಿಗೆ, ಯುದ್ಧದ ನೆಲಕ್ಕೆ ಅದು ತಲುಪುತ್ತಿರಲಿಲ್ಲ. ಅಮೆರಿಕದ ಜೆಫ್ರಿ ಮಾರಿನರ್ ಅದೇ ಪ್ಲೌರೈಟ್ ತಳಿಯಿಂದ ಬಿಸಿಲು ತಡೆಯುವ ಲಸಿಕೆ ಮಾಡಿದ ಮೇಲೆ, ದಕ್ಷಿಣ ಸೂಡಾನ್ ಮತ್ತು ಇಥಿಯೋಪಿಯದ ಅಫಾರ್ ಪ್ರದೇಶಗಳಲ್ಲಿ ದನಗಾಹಿಗಳೇ ತರಬೇತಿ ಪಡೆದು ಹೆಗಲ ಮೇಲೆ ಹೊತ್ತು ನಡೆದರು. ಕೊನೆಯ ಮೈಲಿಯನ್ನು ದಾಟಿಸಿದವರು ಅವರು. ಅವರ ಹೆಸರು ಯಾವ ಬಹುಮಾನದ ಪಟ್ಟಿಯಲ್ಲೂ ಇಲ್ಲ.

ಭಾರತದಲ್ಲಿ 1954ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮ ಮೊದಲು ಮೇಕೆ ಲಸಿಕೆಯನ್ನೇ ನೆಚ್ಚಿಕೊಂಡಿತ್ತು. ಹೆಸರಘಟ್ಟದಂಥ ಕಡೆ ವಿದೇಶಿ ತಳಿಗಳು ಬಂದು, ಹಾಲಿನ ಕ್ರಾಂತಿಯ ಜೊತೆಗೆ ಮಿಶ್ರತಳಿಯ ಹಸುಗಳು ಹಳ್ಳಿಗಳಿಗೆ ಹರಡಿದ ಮೇಲೆ ಮುಗುಗದ ಲಸಿಕೆ ಅನಿವಾರ್ಯವಾಯಿತು. ನೂರು ವರ್ಷದ ಹಿಂದೆ ನಮ್ಮಿಂದ ಆಫ್ರಿಕಕ್ಕೆ ರೋಗ ಹೋಗಿದ್ದರೆ, ಅದರ ಮದ್ದು ಆಫ್ರಿಕದಿಂದ ನಮ್ಮ ಕೊಟ್ಟಿಗೆಗೆ ಬಂದಂತಾಯಿತು. 1987ರಲ್ಲಿ ತಮಿಳುನಾಡಿನ ಅರಸೂರಿನ ಕುರಿಗಳಲ್ಲಿ ಇದೇ ಲಕ್ಷಣಗಳ ರೋಗ ಕಾಣಿಸಿತು. ಅದು ದೊಡ್ಡರೋಗವಲ್ಲ, ಅದರ ದಾಯಾದಿಯಾದ ಪಿ.ಪಿ.ಆರ್. ಎಂದು ಗುರುತಿಸಿದ ತಂಡದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಎಸ್. ಶೈಲಾ ಇದ್ದರು. ಇದು ಸಣ್ಣ ಕೆಲಸವಲ್ಲ. ಇಂಥ ವ್ಯತ್ಯಾಸ ತಿಳಿಯದಿದ್ದರೆ ಕುರಿ ಸತ್ತಾಗಲೆಲ್ಲ ದೊಡ್ಡರೋಗ ಇನ್ನೂ ಇದೆ ಎಂಬ ಅನುಮಾನ ಉಳಿದುಬಿಡುತ್ತದೆ. ಭಾರತದ ಕೊನೆಯ ಪ್ರಕರಣ 1995ರದ್ದು. 2006ರಲ್ಲಿ ದೇಶಕ್ಕೆ ಸೋಂಕುಮುಕ್ತ ಎಂಬ ಅಂತಾರಾಷ್ಟ್ರೀಯ ಮಾನ್ಯತೆ ಸಿಕ್ಕಿತು.

ಪ್ಲೌರೈಟ್ 1971ರಲ್ಲಿ ಇಂಗ್ಲೆಂಡಿಗೆ ಮರಳಿ ತಾನು ಓದಿದ ಕಾಲೇಜಿನಲ್ಲೇ ಪ್ರಾಧ್ಯಾಪಕನಾದ. ನಂತರ ಕಾಂಪ್ಟನ್ನಿನ ಪಶುರೋಗ ಸಂಶೋಧನಾ ಸಂಸ್ಥೆಯಲ್ಲಿ 1983ರವರೆಗೆ ಇದ್ದ. 1981ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1999ರಲ್ಲಿ ವಿಶ್ವ ಆಹಾರ ಪ್ರಶಸ್ತಿ. 2001ರಲ್ಲಿ ಕೀನ್ಯದ ಮೇರು ರಾಷ್ಟ್ರೀಯ ಉದ್ಯಾನದ ಕಾಡೆಮ್ಮೆಗಳಲ್ಲಿ ಕಂಡದ್ದು ಲೋಕದ ಕೊನೆಯ ದೊಡ್ಡರೋಗ, ಮುಗುಗದಿಂದ ಬಹಳ ದೂರವೇನಲ್ಲ. ಆ ಮೇಲೆ ಹತ್ತು ವರ್ಷ ಎಲ್ಲ ಕಡೆ ಹುಡುಕಿ, ಎಲ್ಲೂ ಇಲ್ಲವೆಂದು ಖಾತ್ರಿಯಾದ ನಂತರ 2011ರ ಮೇ ಮತ್ತು ಜೂನ್ ತಿಂಗಳಲ್ಲಿ ಅಧಿಕೃತ ಘೋಷಣೆ ಹೊರಬಿತ್ತು. ಪ್ಲೌರೈಟ್ 2010ರ ಫೆಬ್ರವರಿಯಲ್ಲೇ ತೀರಿಕೊಂಡಿದ್ದ.

ವೈರಸ್ ಮಾತ್ರ ಕೆಲವು ಪ್ರಯೋಗಾಲಯಗಳ ಫ್ರೀಜರುಗಳಲ್ಲಿ ಉಳಿಯಿತು. ಇಲ್ಲಿ ಸರ್ರೆಯ ಪಿರ್‌ಬ್ರೈಟ್ ಸಂಸ್ಥೆ ತನ್ನಲ್ಲಿದ್ದ ಸಾವಿರಾರು ಶೀಷೆಗಳ ಸಂಗ್ರಹದ ಅನುವಂಶಿಕ ಬರಹವನ್ನು ಓದಿ ದಾಖಲಿಸಿಕೊಂಡು, 2019ರಲ್ಲಿ ಸಂಗ್ರಹವನ್ನು ನಾಶ ಮಾಡಿತು. ಬೇರೆ ಕೆಲವು ಮಾನ್ಯತೆ ಪಡೆದ ಕಡೆಗಳಲ್ಲಿ ಲಸಿಕೆಯ ಬೀಜವೂ ಒಂದಷ್ಟು ವೈರಸ್ಸೂ ಬೀಗದೊಳಗಿವೆ, ಎಂದಾದರೂ ಬೇಕಾದೀತು ಎಂದು.