ದನಿಗೆ ತನ್ನ ಬಣ್ಣ ಹಚ್ಚದ ಈಕ್ವಲೈಸರ್

ವಿಜಯಪುರಕ್ಕೆ ಹೋದವರೆಲ್ಲ ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿಯೇ ಬರುತ್ತಾರೆ. ಸುಮಾರು 44 ಮೀಟರ್ ಹೊರವ್ಯಾಸದ ಆ ಗುಮ್ಮಟವು ಒಂದೇ ಸದ್ದನ್ನು ಹಲವು ಬಾರಿ ಮರಳಿಸುತ್ತದೆ. ಅಲ್ಲಿ ಮುದ್ರಿಸಿದ ಹಾಡನ್ನು ಯಾವ ಈಕ್ವಲೈಸರ್ ಕೂಡ ಸರಿಪಡಿಸಲಾರದು. ಕಂಪನಾಂಕಗಳ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡುವುದಷ್ಟೇ ಅದರ ಕೆಲಸ. ತಡವಾಗಿ ಮರಳಿದ ಪ್ರತಿಧ್ವನಿಯನ್ನು ಮೂಲ ದನಿಯಿಂದ ಬೇರ್ಪಡಿಸುವುದು ಅದಕ್ಕೆ ಸಾಧ್ಯವಿಲ್ಲ.

ನಗರ ದಾಟಿ ತಿಕೋಟಾ, ಬಬಲೇಶ್ವರಗಳ ಕಡೆ ಸೋಬಾನೆ, ಬೀಸುವ ಪದ, ಗೀಗೀ ಪದಗಳನ್ನು ಮುದ್ರಿಸುವವರಿಗೆ ಎದುರಾಗುವ ತೊಂದರೆ ಬೇರೆಯೇ. ವಿದ್ಯುತ್ತಿನ 50 ಹರ್ಟ್ಸ್ ಗುಂಯ್‌ಗುಡುವಿಕೆ, ಅದರ ದುಪ್ಪಟ್ಟಾದ 100 ಹರ್ಟ್ಸ್, ದ್ರಾಕ್ಷಿ ತೋಟದ ಪಂಪಿನ ಸದ್ದು, ತಗಡಿನ ಮಾಡಿನಡಿ ಡಬ್ಬದೊಳಗಿಂದ ಬಂದಂತೆ ಕೇಳುವ ಧ್ವನಿ. ಇಂಥಲ್ಲಿ ಪಾರದರ್ಶಕ ಈಕ್ವಲೈಸರ್ ಪ್ಲಗಿನ್‌ಗಳು ನಿಜವಾಗಿ ನೆರವಾಗುತ್ತವೆ.

ಪಾರದರ್ಶಕ ಎಂದರೇನು? ಹಳೆಯ ವಾಲ್ವ್ ಯಂತ್ರಗಳನ್ನು ಅನುಕರಿಸುವ ಪ್ಲಗಿನ್‌ಗಳು ದನಿಗೆ ತಮ್ಮದೇ ಹಾರ್ಮೋನಿಕ್‌ಗಳನ್ನು ಬೆರೆಸುತ್ತವೆ. ಚಿತ್ರಗೀತೆಗೆ ಅದು ಸೊಗಸಾಗಿರಬಹುದು. ಪಾರದರ್ಶಕವಾದದ್ದು ಮಾತ್ರ ನಾವು ಕೇಳಿದಷ್ಟನ್ನೇ ತೆಗೆದು ಸುಮ್ಮನಿರುತ್ತದೆ. ಫ್ಯಾಬ್‌ಫಿಲ್ಟರ್ ಪ್ರೊ-ಕ್ಯೂ ಈ ಬಗೆಯಲ್ಲಿ ಹೆಸರಾದದ್ದು. ರೀಪರ್ ತಂತ್ರಾಂಶದ ಜೊತೆಗೆ ಬರುವ ರೀಇಕ್ಯೂ ಕೂಡ ಇಂಥದ್ದೇ, ನೋಡಲು ಬಡವಾದರೂ. ಪರೀಕ್ಷೆ ಸುಲಭ. ಎಲ್ಲ ಬ್ಯಾಂಡ್‌ಗಳನ್ನೂ ಸೊನ್ನೆಯಲ್ಲಿಟ್ಟು, ಮೂಲದ ಪ್ರತಿಯೊಂದನ್ನು ಧ್ರುವ ತಿರುಗಿಸಿ ಜೊತೆಗೆ ನುಡಿಸಿರಿ. ಏನೂ ಕೇಳಿಸದಿದ್ದರೆ ಪ್ಲಗಿನ್ ತನ್ನದೇನನ್ನೂ ಸೇರಿಸಿಲ್ಲ.

ಕೆಲಸದಲ್ಲಿ ಆತುರ ಬೇಡ. 50 ಹರ್ಟ್ಸ್‌ನಲ್ಲಿ ಇಕ್ಕಟ್ಟಾದ ಕಡಿತ ಹಾಕಿದರೆ ಹೆಂಗಸರ ದನಿಗೆ ಅಪಾಯವಿಲ್ಲ, ಏಕೆಂದರೆ ಆ ದನಿಯ ತಳ ಸಾಮಾನ್ಯವಾಗಿ 150 ಹರ್ಟ್ಸ್‌ಗಿಂತ ಮೇಲಿರುತ್ತದೆ. ಆದರೆ ಗೀಗೀ ಮೇಳದ ದಪ್ಪಿನ ಗುದ್ದು ಕೆಳಗೇ ಇರುವುದರಿಂದ ಅಲ್ಲಿ ಕೇಳಿ ನೋಡಿಯೇ ಮುಂದುವರಿಯಬೇಕು. ತಗಡಿನ ಡಬ್ಬದ ಗುಣ ಹೆಚ್ಚಾಗಿ 300ರಿಂದ 500 ಹರ್ಟ್ಸ್ ನಡುವೆ ಸಿಗುತ್ತದೆ. ಎರಡು ಮೂರು ಡೆಸಿಬಲ್ ಇಳಿಸಿದರೆ ಸಾಕು. 'ಲೀನಿಯರ್ ಫೇಸ್' ಎಂಬ ಆಯ್ಕೆಯನ್ನು ಎಲ್ಲದಕ್ಕೂ ಹಾಕುವ ಚಟ ಹಲವರಿಗಿದೆ. ಕೆಳ ಕಂಪನಾಂಕಗಳಲ್ಲಿ ಅದು ಪೆಟ್ಟಿಗೆ ಮೊದಲೇ ಒಂದು ಮಸುಕಾದ ಮೊಳಗನ್ನು ಎಬ್ಬಿಸಬಹುದು. ದಪ್ಪಿಗೆ ಅದು ಒಗ್ಗದು. ಮುನ್ನ-ನಂತರ ಹೋಲಿಸುವಾಗ ಎರಡರ ಮಟ್ಟವೂ ಸಮನಿರಲಿ. ಜೋರಾದದ್ದೇ ಕಿವಿಗೆ ಚೆನ್ನಾಗಿ ಕೇಳಿಸುತ್ತದೆ.

ನಮಗೆ ಇದು ಬರೀ ತಂತ್ರಜ್ಞಾನದ ಮಾತಲ್ಲ. ಬೀಸುವ ಕಲ್ಲು ಮನೆಗಳಿಂದ ಹೋದ ಮೇಲೆ ಆ ಪದಗಳನ್ನು ಬಲ್ಲ ಅಜ್ಜಿಯರು ವಿರಳ. ಮುದ್ರಿಕೆ ಒಂದೇ ಬಾರಿ ಸಿಗಬಹುದು. ಅವರ ಗಂಟಲಿನ ಒರಟು 2,000ದಿಂದ 4,000 ಹರ್ಟ್ಸ್ ಸುತ್ತ ಎದ್ದು ಕೇಳುತ್ತದೆ. ಅದನ್ನು ದೋಷವೆಂದು ಸವರಿಬಿಟ್ಟರೆ ಮೊಮ್ಮಕ್ಕಳಿಗೇ ಗುರುತು ಸಿಗದ ದನಿ ಉಳಿದೀತು. ಆದ್ದರಿಂದ ಮೂಲ ಕಡತವನ್ನು, 24 ಬಿಟ್ ವೇವ್ ರೂಪದಲ್ಲಿ, ಕೈಹಚ್ಚದೆ ಬೇರೆ ಡಿಸ್ಕಿನಲ್ಲಿ ಇಟ್ಟ ಬಳಿಕವೇ ಮಿಕ್ಸಿಂಗ್‌ಗೆ ಕೂರುವುದು ಒಳ್ಳೆಯದು.